ಸಾಣೆ ಮತ್ತು ಮಸೆಗಲ್ಲು

ಕತ್ತಿ, ಕುಡುಗೋಲು, ಉಳಿ, ಕತ್ತರಿಗಳ ಮೊಂಡಾದ ಬಾಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಎರಡು ಮಾತುಗಳಿವೆ: ಮಸೆಯುವುದು ಮತ್ತು ಸಾಣೆ ಹಿಡಿಯುವುದು. ಮಸೆಯುವಾಗ ಕಲ್ಲು ನಿಂತಿರುತ್ತದೆ, ಕಬ್ಬಿಣ ಓಡಾಡುತ್ತದೆ. ಸಾಣೆಯಲ್ಲಿ ಕಲ್ಲೇ ತಿರುಗುತ್ತದೆ, ಕಬ್ಬಿಣವನ್ನು ಅಲುಗದಂತೆ ಹಿಡಿಯಬೇಕು. ಈ ಕಸುಬಿನ ಚರಿತ್ರೆಯ ದೊಡ್ಡ ತಿರುವು ಈ ಎರಡು ಮಾತುಗಳ ನಡುವೆಯೇ ಇದೆ. ಗಂಧ ತೇಯುವ ಕಲ್ಲನ್ನೂ ಸಾಣೆಕಲ್ಲು ಎನ್ನುವುದುಂಟು, ಅದು ಬೇರೆ.

ಮಸೆಯುವುದು ಲೋಹಕ್ಕಿಂತ ಹಳೆಯದು. ಬಳ್ಳಾರಿಯ ಸಮೀಪದ ಸಂಗನಕಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಡಾಲರೈಟ್ ಕಲ್ಲಿನಿಂದ ಚಕ್ಕೆ ಎಬ್ಬಿಸಿ ಕೊಡಲಿಯ ಆಕಾರ ತಂದು, ಅದನ್ನು ಕಣಶಿಲೆಯ ಬಂಡೆಗೆ ಉಜ್ಜಿ ಬಾಯಿ ಕೊಡುತ್ತಿದ್ದರು. ಹಾಗೆ ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ನುಣುಪಾದ ಉದ್ದನೆಯ ತೋಡುಗಳು ಉಳಿದುಬಂದಿವೆ. ಕೊಡಲಿಗಳನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ತೋಡುಗಳನ್ನು ಮಾತ್ರ ಎತ್ತಿ ತರಲು ಬಾರದು. ಕಲ್ಲುಗಣಿಗಾರಿಕೆಯಿಂದ ಆ ಬಂಡೆಗಳನ್ನು ಅಲ್ಲಿಯೇ ಕಾಪಾಡಬೇಕು.

ಹರಿತದ ಬಗ್ಗೆ ಬಹಳ ನಿಖರವಾಗಿ ಬರೆದವನು ಒಬ್ಬ ವೈದ್ಯ. ಸುಶ್ರುತಸಂಹಿತೆಯ ಸೂತ್ರಸ್ಥಾನ ಶಸ್ತ್ರಗಳನ್ನು ಮಸೆಯಲು ಉದ್ದಿನ ಕಾಳಿನ ಬಣ್ಣದ ನುಣುಪು ಕಲ್ಲನ್ನೂ, ಮಸೆದ ಧಾರೆ ಕೆಡದಂತೆ ನಿಲ್ಲಿಸಲು ಬೂರುಗದ ಹಲಗೆಯನ್ನೂ ಹೇಳುತ್ತದೆ. ಎಲ್ಲ ಶಸ್ತ್ರಕ್ಕೂ ಒಂದೇ ಹರಿತ ಸಲ್ಲದು. ಸೀಳುವ ಶಸ್ತ್ರದ ಅಂಚು ಮಸೂರದ ಕಾಳಿನಷ್ಟು, ಕೆರೆಯುವುದರದು ಅದರ ಅರ್ಧ, ಚುಚ್ಚುವುದರದು ಕೂದಲಿನಷ್ಟು, ಕತ್ತರಿಸುವುದರದು ಅರ್ಧ ಕೂದಲಿನಷ್ಟಿರಬೇಕು. ರೋಮವನ್ನು ಕತ್ತರಿಸುವಷ್ಟು ಹರಿತವಾದ ಮೇಲೆಯೇ ಶಸ್ತ್ರವನ್ನು ಕೈಗೆತ್ತಿಕೊಳ್ಳಬೇಕೆಂಬ ನಿಯಮವೂ ಅಲ್ಲಿದೆ. ಮುಂಗೈ ಕೂದಲಿನ ಮೇಲೆ ಕತ್ತಿ ಆಡಿಸಿ ನೋಡುವವರು ಇವತ್ತಿಗೂ ಮಾಡುವುದು ಇದೇ ಪರೀಕ್ಷೆ.

ಕಲ್ಲೇ ಬೇಕೆಂದೂ ಇಲ್ಲ. ಕರಾವಳಿಯಲ್ಲಿ ಕಳ್ಳು ಇಳಿಸುವವರು ಬೆಣಚುಕಲ್ಲನ್ನು ಕುಟ್ಟಿ ನುಣ್ಣಗೆ ಪುಡಿ ಮಾಡಿ, ಮರದ ತುಂಡಿನ ಮೇಲೆ ಉದುರಿಸಿ, ಅದರ ಮೇಲೆ ಕತ್ತಿಯನ್ನು ಎಳೆದು ಮಸೆಯುತ್ತಾರೆ. ಹೊಂಬಾಳೆಯ ತುದಿಯನ್ನು ಕಾಗದದಷ್ಟು ತೆಳ್ಳಗೆ ಕೆತ್ತಬೇಕಾದ ಕತ್ತಿ ಅದು. ಸ್ವಲ್ಪ ಮೊಂಡಾದರೂ ಹೊಂಬಾಳೆ ಜಜ್ಜಿಹೋಗಿ ರಸ ಸರಿಯಾಗಿ ಇಳಿಯುವುದಿಲ್ಲ. ಕ್ಷೌರಿಕನ ಚರ್ಮದ ಪಟ್ಟಿ ಇನ್ನೂ ನಾಜೂಕಿನದು. ಮಸೆದಾಗ ಅಂಚಿನಲ್ಲಿ ಕಣ್ಣಿಗೆ ಕಾಣದ ಲೋಹದ ಎಳೆಯೊಂದು ಮಗ್ಗುಲಿಗೆ ಮಡಚಿಕೊಳ್ಳುತ್ತದೆ. ಪಟ್ಟಿ ಅದನ್ನು ನೆಟ್ಟಗೆ ಮಾಡಿ ತೆಗೆಯುತ್ತದೆ.

ಹಿಡಿಕೆ ತಿರುಗಿಸಿ ಓಡಿಸುವ ಸಾಣೆಯ, ಗೊತ್ತಿರುವ ಅತಿ ಹಳೆಯ ಚಿತ್ರ ಯುರೋಪಿನ 9ನೇ ಶತಮಾನದ ಹಸ್ತಪ್ರತಿಯಾದ ಉಟ್ರೆಕ್ಟ್ ಸಾಲ್ಟರಿನಲ್ಲಿದೆ. ಅದರಲ್ಲಿ ಸಜ್ಜನರು ತಿರುಗುವ ಸಾಣೆಗೆ ಕತ್ತಿ ಹಿಡಿದಿದ್ದರೆ, ದುರ್ಜನರು ಹಳೆಯ ಮಸೆಗಲ್ಲಿಗೇ ಅಂಟಿಕೊಂಡಿದ್ದಾರೆ. ಭಾರತದ ಸಾಣೆ ಬೇರೆ ದಾರಿ ಹಿಡಿಯಿತು. ಕುರುಂದದ ಪುಡಿಯನ್ನು ಕರಗಿದ ಅರಗಿನಲ್ಲಿ ಕಲಸಿ ಚಕ್ರ ಎರಕ ಹೊಯ್ಯುತ್ತಿದ್ದರು. ವಜ್ರ ಬಿಟ್ಟರೆ ಇಷ್ಟು ಗಟ್ಟಿಯಾದ ಸಹಜ ಖನಿಜ ಸಿಗುವುದು ಬಹಳ ಅಪರೂಪ. ಮೈಸೂರು ಸೀಮೆಯಲ್ಲಿ ಕುರುಂದ ದೊರೆಯುತ್ತಿತ್ತು. ಇಂಗ್ಲಿಷಿನ ‘ಕೊರಂಡಂ’ ದಕ್ಷಿಣ ಭಾರತದ ಈ ಹೆಸರಿನಿಂದಲೇ ಹುಟ್ಟಿದ್ದು. ಅಚ್ಚಿಗೆ ಸುತ್ತಿದ ಚರ್ಮದ ಪಟ್ಟಿಯನ್ನು ಒಬ್ಬ ಅತ್ತಿತ್ತ ಎಳೆದರೆ, ಇನ್ನೊಬ್ಬ ಅಲಗನ್ನು ಚಕ್ರಕ್ಕೆ ಹಿಡಿಯುತ್ತಿದ್ದ. ಆಯುಧಗಳಿಗೆ ಸಾಣೆ ಹಿಡಿದು ಹೊಳಪು ಕೊಡುತ್ತಿದ್ದವರ ನೆನಪು ಉತ್ತರ ಕರ್ನಾಟಕದ ಶಿಕಲಗಾರ ಎಂಬ ಮನೆತನದ ಹೆಸರಿನಲ್ಲಿ ಉಳಿದಿದೆ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕುಲುಮೆಯಲ್ಲಿ ಕಾರ್ಬೊರಂಡಂ ಎಂಬ ಗಟ್ಟಿ ಕೃತಕ ವಸ್ತುವನ್ನು ತಯಾರಿಸಿದ ಮೇಲೆ ಕಾರ್ಖಾನೆಯ ಚಕ್ರಗಳು ಎಲ್ಲೆಡೆ ಹರಡಿದವು.

ಚಕ್ರ ಬಂದದ್ದರಿಂದ ವೇಗ ಬಂತು, ಜೊತೆಗೆ ಅಪಾಯವೂ ಬಂತು. ಒಣ ಚಕ್ರಕ್ಕೆ ಒತ್ತಿ ಹಿಡಿದರೆ ಅಂಚು ಕಾದು ನೀಲಿಯಾಗುತ್ತದೆ, ಉಕ್ಕಿನ ಹದ ಇಳಿಯುತ್ತದೆ. ಅಂಥ ಚಾಕು ಎರಡೇ ದಿನಕ್ಕೆ ಮೊಂಡು. ಮಸೆಗಲ್ಲಿಗೆ ನೀರು ಬಿಟ್ಟುಕೊಂಡು ನಿಧಾನಕ್ಕೆ ಉಜ್ಜುವವನಿಗೆ ಈ ಭಯವಿಲ್ಲ.

ನಮ್ಮ ಊರುಗಳಲ್ಲಿ ಸಾಣೆಯವನು ಹೆಗಲ ಮೇಲೆ ಹೊತ್ತು ತರುತ್ತಿದ್ದ ಮರದ ಚೌಕಟ್ಟು, ಚಕ್ರ ತಿರುಗಿಸುವ ಕಾಲಿನ ತುಳಿಗೆ ಹೋಗಿ ಸೈಕಲ್ ಬಂತು. ಸಾಣೆಯವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕುಳಿತು ಪೆಡಲ್ ತುಳಿದರೆ ಹ್ಯಾಂಡಲಿನ ಬಳಿಯ ಸಾಣೆಚಕ್ರ ಕಿಡಿ ಹಾರಿಸುತ್ತಾ ತಿರುಗುತ್ತದೆ. ಕತ್ತರಿ ಮುಗಿದ ಮೇಲೆ ಹಳೆ ಬಟ್ಟೆಯ ಚೂರೊಂದನ್ನು ತೆಗೆದು ಕತ್ತರಿಸಿ ತೋರಿಸುತ್ತಾನೆ. ಬಟ್ಟೆ ತುದಿಯವರೆಗೂ ಎಳೆ ಸಿಗಿಯದೆ ಸರಕ್ಕನೆ ಬೇರೆಯಾದರೆ ದುಡ್ಡು ಎಣಿಸುವುದು.