ಆಮೆ ಮೊಟ್ಟೆಗೆ ಕೃತಕ ಕಾವು: ಪೆಟ್ಟಿಗೆಯ ಆಯ್ಕೆ ಮತ್ತು ಬಳಕೆ

ಆಮೆ ತನ್ನ ಮೊಟ್ಟೆಗಳಿಗೆ ಕಾವು ಕೂರುವುದಿಲ್ಲ. ನೆಲ ಅಗೆದು ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಉಳಿದದ್ದು ಬಿಸಿಲು ಮತ್ತು ಮಣ್ಣಿನ ತೇವದ ಕೆಲಸ. ಇಲಿ, ಹಂದಿಗಳ ಕಾಟದಿಂದ ಸಂತತಿಯೇ ಅಳಿಯುವಲ್ಲಿ ಈ ಹೊಣೆಯನ್ನು ಇನ್‌ಕ್ಯುಬೇಟರ್ ಹೊರಬೇಕಾಗುತ್ತದೆ.

ಈಕ್ವೆಡಾರ್ ದೇಶಕ್ಕೆ ಸೇರಿದ ಗಲಪಗೋಸ್ ದ್ವೀಪಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಪಿನ್‌ಜೋನ್ ದ್ವೀಪದಲ್ಲಿ ಹಡಗುಗಳೊಂದಿಗೆ ಬಂದ ಕಪ್ಪು ಇಲಿಗಳು ಆಮೆಮರಿಗಳನ್ನು ಉಳಿಯಗೊಡುತ್ತಿರಲಿಲ್ಲ. 1965ರಲ್ಲಿ ಅಲ್ಲಿನ ಮೊಟ್ಟೆಗಳನ್ನು ಚಾರ್ಲ್ಸ್ ಡಾರ್ವಿನ್ ಸಂಶೋಧನಾ ಕೇಂದ್ರಕ್ಕೆ ತಂದು ಮರಿ ಮಾಡಿಸುವ ಕಾರ್ಯ ಆರಂಭವಾಯಿತು. ಎಸ್ಪನ್ಯೋಲಾ ದ್ವೀಪದಲ್ಲಂತೂ 12 ಹೆಣ್ಣು, 2 ಗಂಡು ಮಾತ್ರ ಉಳಿದಿದ್ದವು. ಸ್ಯಾನ್ ಡಿಯಾಗೋ ಮೃಗಾಲಯದಿಂದ ಮರಳಿದ ಡಿಯಾಗೋ ಎಂಬ ಗಂಡೂ ಸೇರಿ, ಈ 15 ಆಮೆಗಳಿಂದ ಸುಮಾರು ಎರಡು ಸಾವಿರ ಮರಿಗಳಾದವು. 2020ರ ಜೂನ್‌ನಲ್ಲಿ ಹಿರಿಯ ಆಮೆಗಳನ್ನು ತವರು ದ್ವೀಪಕ್ಕೆ ಬಿಡಲಾಯಿತು.

ಉಷ್ಣಾಂಶವೇ ನಿರ್ಣಾಯಕ

ಅನೇಕ ಆಮೆಗಳಲ್ಲಿ ಮರಿಯ ಲಿಂಗವನ್ನು ಕಾವಿನ ಉಷ್ಣಾಂಶವೇ ನಿರ್ಧರಿಸುತ್ತದೆ. ಗಲಪಗೋಸ್‌ನಲ್ಲಿ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಡು, 29.5 ಡಿಗ್ರಿಯಲ್ಲಿ ಹೆಣ್ಣು ಮರಿಗಳನ್ನು ಪಡೆಯಲಾಗುತ್ತದೆ. ಅಂತರ ಕೇವಲ ಒಂದೂವರೆ ಡಿಗ್ರಿ. ಆದ್ದರಿಂದ ಪೆಟ್ಟಿಗೆಯ ಥರ್ಮೋಸ್ಟಾಟ್ ನಿಖರವಾಗಿರಬೇಕು. ಪೆಟ್ಟಿಗೆಯ ಎಲ್ಲ ಮೂಲೆಗಳಲ್ಲೂ ಕಾವು ಒಂದೇ ಸಮನಾಗಿರಬೇಕು.

ಕೋಳಿ ಮೊಟ್ಟೆಯ ಪೆಟ್ಟಿಗೆಯನ್ನು ಇದ್ದಂತೆಯೇ ಬಳಸುವುದು ಸಲ್ಲದು. ಕೋಳಿಗೆ ಬೇಕಾದ 37.5 ಡಿಗ್ರಿ ಆಮೆಯ ಭ್ರೂಣಕ್ಕೆ ಮಾರಕ. ಮೊಟ್ಟೆಯನ್ನು ಹೊರಳಿಸುವ ಯಂತ್ರವನ್ನು ತೆಗೆದುಹಾಕಲೇಬೇಕು. ಬೀಸಣಿಗೆಯುಳ್ಳ ಪೆಟ್ಟಿಗೆಯಲ್ಲಿ ಕಾವು ಸಮನಾಗಿ ಹರಡುತ್ತದೆ, ಆದರೆ ತೇವ ಬೇಗ ಆರುತ್ತದೆ. ಮೊಟ್ಟೆಯಿಡುವ ಮೊದಲು ಕೆಲವು ದಿನ ಪೆಟ್ಟಿಗೆಯನ್ನು ಖಾಲಿಯಾಗಿ ನಡೆಸಿ, ಬೇರೊಂದು ಥರ್ಮಾಮೀಟರಿನಿಂದ ಪರೀಕ್ಷಿಸುವುದು ಕ್ಷೇಮ. ವಿದ್ಯುತ್ ಕಡಿತವಾದರೆ ಅಲ್ಪಕಾಲ ತಣ್ಣಗಾಗುವುದಕ್ಕಿಂತ, ಕಾವು ಮಿತಿಮೀರುವುದೇ ಹೆಚ್ಚು ಅಪಾಯಕಾರಿ.

ಮೊಟ್ಟೆಯ ನಿರ್ವಹಣೆ

ಮೊಟ್ಟೆಯಿಟ್ಟ ಒಂದೆರಡು ದಿನಗಳಲ್ಲಿ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಬಳಿಕ ಮೊಟ್ಟೆ ಮಗುಚಿದರೆ ಭ್ರೂಣ ಸಾಯಬಹುದು. ಹೀಗಾಗಿ ಗೂಡಿನಲ್ಲಿರುವಾಗಲೇ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಅದೇ ಭಂಗಿಯಲ್ಲಿ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್‌ನಲ್ಲಿ ಅರ್ಧ ಹುದುಗಿಸಿಡಬೇಕು. ಅದು ಒದ್ದೆಯಾಗಿರಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು.

ಮರಿ ಚಿಪ್ಪೊಡೆದು ಹೊರಬರಲು ಒಂದೆರಡು ದಿನ ಬೇಕಾಗಬಹುದು. ಆ ವೇಳೆಯಲ್ಲಿ ಹೊಟ್ಟೆಗಂಟಿದ ಹಳದಿಚೀಲ ಒಳಸೇರುತ್ತಿರುತ್ತದೆ. ಅವಸರದಿಂದ ಚಿಪ್ಪು ಬಿಡಿಸಿದರೆ ಚೀಲ ಹರಿದು ಮರಿ ಸಾಯುತ್ತದೆ.

ಕಾನೂನಿನ ಎಚ್ಚರಿಕೆ

ಕರ್ನಾಟಕದಲ್ಲೂ ಕಂಡುಬರುವ ನಕ್ಷತ್ರ ಆಮೆಯನ್ನು ಅದೃಷ್ಟದ ಹೆಸರಿನಲ್ಲಿ ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅಪರಾಧ. 2019ರಲ್ಲಿ ಈ ಪ್ರಭೇದವನ್ನು ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಿ, ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲಾಯಿತು. ಅದರ ಮೊಟ್ಟೆ ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕೇ ಹೊರತು, ಪೆಟ್ಟಿಗೆ ಕೊಳ್ಳಲು ಹೊರಡಬಾರದು.

ಕಾವುಪೆಟ್ಟಿಗೆ ತಾತ್ಕಾಲಿಕ ಆಸರೆಯಷ್ಟೇ. 2012ರಲ್ಲಿ ಪಿನ್‌ಜೋನ್‌ನಿಂದ ಇಲಿಗಳನ್ನು ನಿರ್ಮೂಲ ಮಾಡಿದ ಬಳಿಕ, 2014ರಲ್ಲಿ ಅಲ್ಲಿನ ಮಣ್ಣಿನಲ್ಲೇ ಹುಟ್ಟಿದ ಮರಿಗಳು ಕಾಣಿಸಿಕೊಂಡವು.