ಕಪ್ ಕೈತಪ್ಪಿದ ಮೇಲಿನ ಪಂದ್ಯಗಳು

ಐಪಿಎಲ್ ಹಂಗಾಮು ಮುಗಿಯುತ್ತ ಬಂದಾಗ ಅಂಕಪಟ್ಟಿಯಲ್ಲಿ ನಮ್ಮ ಬೆಂಗಳೂರು ತಂಡ ಕೆಲವೊಮ್ಮೆ ತಳಕ್ಕಿಳಿದಿರುತ್ತದೆ. ರನ್‌ರೇಟ್ ಗುಣಿಸಿ ಭಾಗಿಸಿದರೂ ಮುಂದಿನ ಸುತ್ತಿನ ದಾರಿ ಕಾಣುವುದಿಲ್ಲ. ಆದರೂ ಎರಡು ಮೂರು ಪಂದ್ಯಗಳು ಬಾಕಿ ಇರುತ್ತವೆ. ಅವನ್ನೇಕೆ ನೋಡಬೇಕು ಎಂದು ಕೇಳುವವರ ಮಾತು ತಳ್ಳಿಹಾಕುವಂಥದ್ದಲ್ಲ; ಆಟ ಇರುವುದೇ ಗೆಲ್ಲುವುದಕ್ಕೆ ಎಂದಾದರೆ, ಗೆದ್ದರೂ ಪ್ರಯೋಜನವಿಲ್ಲದ ಪಂದ್ಯಕ್ಕೆ ಅರ್ಥವಿಲ್ಲ. ಆದರೆ ಬೆಳಗಾವಿ ಜಿಲ್ಲೆಯ ಅರಭಾವಿ, ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕ್ರಿಕೆಟ್ ನಂಟಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಇಲ್ಲಿಯವರ ಪಾಲಿಗೆ ಬಂದ ತಂಡ ಗೆಲ್ಲುವ ತಂಡವಾಗಿರಲಿಲ್ಲ, ಸೋಲುವ ತಂಡವಾಗಿತ್ತು. ಆ ತಂಡ ಮುಂದೆ ಗೆದ್ದ ಗೆಲುವುಗಳ ಹಿಂದೆ ಹಲವು ಸಲ ಒಂದು ದೊಡ್ಡ ಸೋಲಿದೆ. ಕಪ್ ಕೈತಪ್ಪಿದ ಮೇಲಿನ ಪಂದ್ಯಗಳನ್ನು ವ್ಯರ್ಥವೆಂದು ಬದಿಗೆ ಸರಿಸುವುದು ಈ ಕಾರಣಕ್ಕೇ ತಪ್ಪು.

1956ರ ಅಕ್ಟೋಬರ್ ಕೊನೆಯವರೆಗೆ ಈ ಸೀಮೆ ಮುಂಬೈ ರಾಜ್ಯದಲ್ಲಿತ್ತು. ಬೆಂಗಳೂರಿಗಿಂತ ಸಾಂಗಲಿ, ಕೊಲ್ಹಾಪುರಗಳೇ ಇಲ್ಲಿಗೆ ಬಹಳ ಹತ್ತಿರ. ಘಟಪ್ರಭಾ ನಿಲ್ದಾಣದಿಂದ ಉತ್ತರಕ್ಕೆ ಹೊರಟ ರೈಲು ಮಿರಜ ದಾಟಿ ಪುಣೆ ಸೇರುತ್ತದೆ. ಕ್ರಿಕೆಟ್ಟಿನ ದೊಡ್ಡ ಹೆಸರುಗಳೂ ಆ ದಿಕ್ಕಿನಲ್ಲೇ ಇದ್ದವು. ವಿಜಯ ಹಜಾರೆ ಹುಟ್ಟಿದ್ದು ಸಾಂಗಲಿಯಲ್ಲಿ. 1948ರ ಡಿಸೆಂಬರಿನಲ್ಲಿ ಕಾಠಿಯಾವಾಡದ ವಿರುದ್ಧ ಮಹಾರಾಷ್ಟ್ರದ ಪರವಾಗಿ ಔಟಾಗದೆ 443 ರನ್ ಹೊಡೆದ ಭಾವುಸಾಹೇಬ ನಿಂಬಾಳ್ಕರ್ ಕೊಲ್ಹಾಪುರದವರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ಊರುಗಳು ಮೈಸೂರು ರಾಜ್ಯಕ್ಕೆ ಬಂದವು. ಎರಡೇ ವರ್ಷ ಕಳೆಯುವಷ್ಟರಲ್ಲಿ, 1958-59ರ ಹಂಗಾಮಿನಲ್ಲಿ, ಮುಂಬೈ ತಂಡ ರಣಜಿ ಟ್ರೋಫಿಯನ್ನು ಬಿಡದೆ ಗೆಲ್ಲಲು ಶುರುಮಾಡಿತು. 1972-73ರವರೆಗೆ ಸತತ ಹದಿನೈದು ವರ್ಷ ಬೇರೆ ಯಾರಿಗೂ ಅದನ್ನು ಬಿಟ್ಟುಕೊಡಲಿಲ್ಲ. ಮೈಸೂರು ತಂಡ 1959-60ರಲ್ಲಿ ಫೈನಲ್ ತಲುಪಿ ಸೋತಿದ್ದೂ ಇದೇ ಮುಂಬೈಗೆ. ಅದಕ್ಕೆ ಮೊದಲು 1941-42ರ ಫೈನಲ್‌ನಲ್ಲಿ ಇನಿಂಗ್ಸ್ ಅಂತರದಲ್ಲಿ ಸೋಲಿಸಿದ್ದೂ ಮುಂಬೈಯೇ. ಭಾಷೆಯ ನ್ಯಾಯದಂತೆ ಸಿಕ್ಕ ರಾಜ್ಯದ ಜತೆಗೆ, ಆಟದಲ್ಲಿ ಸೋಲುವ ಪಕ್ಷವೂ ಈ ಸೀಮೆಯ ಪಾಲಿಗೆ ಬಂತು. ಗೆಲ್ಲುವವರ ಕಡೆ ನಿಲ್ಲಬೇಕೆಂದರೆ ಹಳೆಯ ರಾಜಧಾನಿಯ ತಂಡವನ್ನೇ ಮೆಚ್ಚಿಕೊಂಡಿರಬಹುದಿತ್ತು. ಮೈಸೂರು ತಂಡವನ್ನು ನಮ್ಮದು ಎನ್ನಲು ಆ ಹದಿನೈದು ವರ್ಷಗಳಲ್ಲಿ ಗೆಲುವಿನ ಆಧಾರ ಇರಲಿಲ್ಲ. ನಾಡಿನ ಆಧಾರ ಮಾತ್ರ ಇತ್ತು.

ಕಾಯುವಿಕೆ ಫಲ ಕೊಟ್ಟ ಬಗೆ ಗಮನಾರ್ಹ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅದೇ ಹಂಗಾಮಿನಲ್ಲಿ ಎರಪಳ್ಳಿ ಪ್ರಸನ್ನ ನಾಯಕತ್ವದ ತಂಡ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮುಂಬೈ ಮೇಲೆ ಮೊದಲ ಇನಿಂಗ್ಸ್ ಮುನ್ನಡೆ ಪಡೆಯಿತು. ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ರನ್ ಗಳಿಸಿದರು. ಗಾವಸ್ಕರ್ ಪ್ರಸನ್ನರ ಎಸೆತಕ್ಕೆ ಬೌಲ್ಡ್ ಆದರು, ವಾಡೇಕರ್ ರನೌಟ್ ಆದರು. ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು ಮಣಿಸಿ ಕರ್ನಾಟಕ ಮೊದಲ ಸಲ ಟ್ರೋಫಿ ಎತ್ತಿತು. ಇದೊಂದನ್ನೇ ಇಟ್ಟುಕೊಂಡು ಸೋಲಿನ ಬೆನ್ನಿಗೆ ಗೆಲುವು ಬರುತ್ತದೆ ಎಂದರೆ ಅದು ಬರೀ ಸಮಾಧಾನದ ಮಾತಾದೀತು. ಆದರೆ ಮುಂದೆಯೂ ಹಾಗೇ ಆಗಿದೆ. 1981-82ರ ಫೈನಲ್‌ನಲ್ಲಿ ಕರ್ನಾಟಕ 705 ರನ್ ಗಳಿಸಿಯೂ ಸೋತಿತು. ದೆಹಲಿ 8 ವಿಕೆಟ್‌ಗೆ 707 ಹೊಡೆಯಿತು. ಮರುವರ್ಷವೇ ಕರ್ನಾಟಕ ಮುಂಬೈಯಲ್ಲಿ ಮುಂಬೈಯನ್ನು ಮೀರಿಸಿ ಚಾಂಪಿಯನ್ ಆಯಿತು. 2010ರ ಜನವರಿಯಲ್ಲಿ ಮೈಸೂರಿನ ಫೈನಲ್‌ನಲ್ಲಿ ಕೇವಲ 6 ರನ್ನಿಂದ ಮುಂಬೈಗೆ ಸೋತಾಗ ಅಲ್ಲಿದ್ದ ವಿನಯ್ ಕುಮಾರ್, ಮನೀಶ್ ಪಾಂಡೆ, ಅಭಿಮನ್ಯು ಮಿಥುನ್, ರಾಬಿನ್ ಉತ್ತಪ್ಪ 2013-14ರಲ್ಲಿ ಟ್ರೋಫಿ ಗೆದ್ದ ತಂಡದಲ್ಲೂ ಇದ್ದರು. ಸೋಲು ತಾನಾಗಿ ಏನನ್ನೂ ಕೊಡುವುದಿಲ್ಲ. ಸೋತವರನ್ನು ಚದುರಿಸದೆ ಉಳಿಸಿಕೊಂಡಾಗ ಮಾತ್ರ ಅದು ಪಾಠವಾಗುತ್ತದೆ.

ಆ ಕಾಲದ ಮಾತು ಬೇರೆ, ಇಂದಿನ ಲೀಗ್ ಬೇರೆ ಎನ್ನಬಹುದು. ಲೀಗಿನ ದಾಖಲೆಯನ್ನೇ ನೋಡೋಣ. 2022ರ ಮೇ 21ರಂದು ಮುಂಬೈ ಇಂಡಿಯನ್ಸ್ ಪಟ್ಟಿಯ ಕೊನೆಯ ಸ್ಥಾನದಲ್ಲಿತ್ತು. ಅದಕ್ಕೆ ಆ ದಿನದ ಪಂದ್ಯದಿಂದ ಸಿಗುವುದು ಏನೂ ಇರಲಿಲ್ಲ. ಆದರೂ ಅದು ಮನಸ್ಸಿಟ್ಟು ಆಡಿ ಡೆಲ್ಲಿಯನ್ನು ಸೋಲಿಸಿತು. ಆ ಒಂದು ಗೆಲುವಿನಿಂದ ಬೆಂಗಳೂರಿನ ತಂಡ ಪ್ಲೇಆಫ್ ಸೇರಿತು. ಬಾಗಿಲು ಮುಚ್ಚಿದ ತಂಡದ ಪ್ರಾಮಾಣಿಕ ಆಟ ಇನ್ನೊಬ್ಬರಿಗೆ ಬಾಗಿಲು ತೆರೆಯಿತು. ಮಹಿಳಾ ಪ್ರೀಮಿಯರ್ ಲೀಗಿನ ಉದಾಹರಣೆ ಇನ್ನೂ ಹತ್ತಿರದ್ದು. 2023ರ ಮೊದಲ ಹಂಗಾಮಿನಲ್ಲಿ ಬೆಂಗಳೂರು ತಂಡ ಮೊದಲ ಐದೂ ಪಂದ್ಯಗಳನ್ನು ಸೋತಿತು. ಆ ಸೋತ ತಂಡದಲ್ಲಿ ಆಡಿ ಪಳಗಿದ ಶ್ರೇಯಾಂಕಾ ಪಾಟೀಲ 2024ರ ಮಾರ್ಚ್ 17ರ ಫೈನಲ್‌ನಲ್ಲಿ ನಾಲ್ಕು ವಿಕೆಟ್ ಕಿತ್ತರು. ತಂಡ ಕಪ್ ಗೆದ್ದಿತು. 162 ಪಂದ್ಯಗಳ ಹಂಗಾಮು ಇರುವ ಅಮೆರಿಕದ ಬೇಸ್‌ಬಾಲ್‌ನಲ್ಲಿ ಹೊಸಬರಿಗೆ ಹೀಗೆ ಅವಕಾಶ ಕೊಡಲು ಒಂದು ನಿಯಮವೇ ಇದೆ. ಸೆಪ್ಟೆಂಬರ್ ಬಂದೊಡನೆ ತಂಡಗಳು ಹೆಚ್ಚು ಆಟಗಾರರನ್ನು ಸೇರಿಸಿಕೊಳ್ಳಬಹುದು. 2019ರವರೆಗೆ ಈ ಸಂಖ್ಯೆ 40ರ ತನಕ ಹೋಗಬಹುದಿತ್ತು. ಸ್ಪರ್ಧೆಯಿಂದ ಹೊರಬಿದ್ದ ತಂಡಗಳ ಅಭಿಮಾನಿಗಳು ಆ ತಿಂಗಳಲ್ಲಿ ಹೊಸ ಹುಡುಗರನ್ನು ನೋಡಲು ಮೈದಾನಕ್ಕೆ ಹೋಗುತ್ತಾರೆ. ದೀರ್ಘ ಕಾಯುವಿಕೆಗೂ ಅಲ್ಲಿ ಉದಾಹರಣೆಯಿದೆ: ಚಿಕಾಗೊ ಕಬ್ಸ್ ತಂಡದವರು 1908ರ ನಂತರ ಮತ್ತೊಂದು ಪ್ರಶಸ್ತಿಗಾಗಿ 2016ರವರೆಗೆ ಕಾದರು.

ಇದಕ್ಕೆ ಗಟ್ಟಿ ಆಕ್ಷೇಪವೊಂದಿದೆ. ರಣಜಿ ತಂಡ ರಾಜ್ಯದ್ದು. ಐಪಿಎಲ್ ತಂಡ ಒಂದು ಕಂಪನಿಯ ಸೊತ್ತು, ಆಟಗಾರರು ಹರಾಜಿನಲ್ಲಿ ಬಂದವರು. ಅದಕ್ಕೆ ಇಷ್ಟು ನಿಷ್ಠೆ ಏಕೆ? ಅಮೆರಿಕದ ಬ್ರೂಕ್ಲಿನ್ನಿನವರು ವರ್ಷಗಟ್ಟಲೆ ಕಾದು ತಮ್ಮ ಡಾಜರ್ಸ್ ಬೇಸ್‌ಬಾಲ್ ತಂಡ 1955ರಲ್ಲಿ ಗೆದ್ದದ್ದನ್ನು ಕಂಡರು. 1957ರ ಹಂಗಾಮು ಮುಗಿದೊಡನೆ ಮಾಲೀಕರು ತಂಡವನ್ನೇ ಲಾಸ್ ಏಂಜಲೀಸ್‌ಗೆ ಸಾಗಿಸಿದರು. ಅಭಿಮಾನ ಕಾಗದದ ಮೇಲಿನ ಹಕ್ಕು ಕೊಡುವುದಿಲ್ಲ ಎಂಬುದು ನಿಜ. ಅದಕ್ಕಾಗಿಯೇ ಅಭಿಮಾನವನ್ನು ಮಾಲೀಕರಿಗೆ ಒಪ್ಪಿಸದೆ ಆಟಕ್ಕೆ, ನೆಲಕ್ಕೆ ಕೊಡಬೇಕು. 2018ರ ನವೆಂಬರಿನಲ್ಲಿ ಮುಂಬೈ ರಣಜಿ ತಂಡ ಬೆಳಗಾವಿಗೆ ಬಂದಾಗ ಐದು ವಿಕೆಟ್ ಪಡೆದದ್ದು ಬೆಳಗಾವಿಯದೇ ಹುಡುಗ ರೋನಿತ್ ಮೋರೆ. ಮೇ ತಿಂಗಳ ದೀಪದ ಬೆಳಕಿನಲ್ಲಿ ಬೆಳೆದ ಪ್ರೀತಿ ಅಂಥ ನವೆಂಬರಿನ ಪಂದ್ಯಕ್ಕೂ ಹರಿದರೆ ಅದು ಯಾರ ಸೊತ್ತೂ ಆಗುವುದಿಲ್ಲ. ಸೋತರೂ ಬಿಡದ ಅಭಿಮಾನಿ ತಪ್ಪು ಮಾಡುವ ಆಡಳಿತವನ್ನು ಸಾಕುತ್ತಾನೆ ಎಂಬ ಮಾತೂ ಇದೆ. ಆದರೆ ಕೊನೆಯ ಪಂದ್ಯದವರೆಗೆ ನೋಡಿದವನಿಗೇ ಯಾರನ್ನು ಉಳಿಸಿಕೊಳ್ಳಬೇಕಿತ್ತು, ಯಾರನ್ನು ಕೈಬಿಟ್ಟದ್ದು ತಪ್ಪಾಯಿತು ಎಂದು ಖಚಿತವಾಗಿ ಕೇಳಲು ಬರುತ್ತದೆ. ನಡುವೆಯೇ ಎದ್ದುಹೋದವನ ಸಿಟ್ಟಿಗೆ ವಿವರವಿರುವುದಿಲ್ಲ.

ಬೆಂಗಳೂರಿನ ಐಪಿಎಲ್ ತಂಡ 2009, 2011, 2016ರ ಫೈನಲ್‌ಗಳಲ್ಲಿ ಸೋತು, 2017ರಲ್ಲಿ ಕೋಲ್ಕತ್ತದಲ್ಲಿ 49ಕ್ಕೆ ಔಟಾಗಿ, 2019ರಲ್ಲಿ ಮೊದಲ ಆರೂ ಪಂದ್ಯ ಕಳೆದುಕೊಂಡು, ಕೊನೆಗೆ 2025ರ ಜೂನ್ 3ರಂದು ಕಪ್ ಗೆದ್ದಿತು. ಮರುದಿನ ಬೆಂಗಳೂರಿನ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಆ ಸಾವುಗಳಿಗೆ ಅಭಿಮಾನವನ್ನು ದೂರುವುದು ಅನ್ಯಾಯ; ಅಷ್ಟು ಜನ ಬರುವಲ್ಲಿ ಅವರ ಜೀವ ಕಾಯುವ ವ್ಯವಸ್ಥೆ ಇರಲೇಬೇಕಿತ್ತು. ಆದರೂ ಹದಿನೆಂಟು ಹಂಗಾಮುಗಳ ಕಾಯುವಿಕೆ ಕಲಿಸಿದ ತಾಳ್ಮೆ ಗೆದ್ದ ದಿನವೂ ನಮ್ಮ ಜತೆ ಇರಬೇಕು ಎಂಬ ಮಾತು ಅಭಿಮಾನಿಗಳಾದ ನಾವೇ ನಮಗೆ ಹೇಳಿಕೊಳ್ಳಬೇಕಾದದ್ದು. ಮುಂದಿನ ಯಾವುದೋ ಮೇ ತಿಂಗಳಲ್ಲಿ ನಮ್ಮ ತಂಡ ಮತ್ತೆ ಬೇಗನೆ ಹೊರಬೀಳುತ್ತದೆ. ಆಗ ಟಿವಿ ಆರಿಸಬೇಡಿ. ಉಳಿದ ಪಂದ್ಯಗಳಲ್ಲಿ ಕಣಕ್ಕಿಳಿಯುವ ಹೊಸಬರ ಹೆಸರು ನೆನಪಿಟ್ಟುಕೊಳ್ಳಿ, ರಣಜಿ ಹಂಗಾಮು ಬಂದಾಗ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿ ಅವರ ಆಟ ನೋಡಿ.