ಒರಿಜಿನಲ್ ಬೇಕಾ, ಕಾಪಿ ಬೇಕಾ?

ಎಸ್‌.ಪಿ. ರೋಡಿನ ಆ ಅಂಗಡಿ ಎಷ್ಟು ಇಕ್ಕಟ್ಟು ಅಂದ್ರೆ, ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. ನಾನು ಮೊದಲ ಸಲ ಅಲ್ಲಿ ಆರ್ಡುಯಿನೋ ಬೋರ್ಡ್ ಕೇಳಿದಾಗ ಅಂಗಡಿಯ ಹುಡುಗ ತಲೆಯನ್ನೂ ಎತ್ತದೆ ಕೇಳಿದ: "ಒರಿಜಿನಲ್ ಬೇಕಾ ಸಾರ್, ಕಾಪಿ ಬೇಕಾ?"

"ಏನು ವ್ಯತ್ಯಾಸ?"

"ರೇಟು."

ಕಾಪಿಯನ್ನೇ ತಂದೆ. ಮನೆಗೆ ಬಂದು ಲ್ಯಾಪ್‌ಟಾಪಿಗೆ ಚುಚ್ಚಿದರೆ, ಅದು ಬೋರ್ಡನ್ನು ಗುರುತೇ ಹಿಡಿಯಲಿಲ್ಲ. ಕಾಪಿಗಳಲ್ಲಿ ಯುಎಸ್‌ಬಿ ಕೆಲಸಕ್ಕೆ ಸಿಎಚ್340 ಅನ್ನೋ ಅಗ್ಗದ ಚೀನೀ ಚಿಪ್ ಹಾಕಿರುತ್ತಾರೆ, ಅದಕ್ಕೆ ಬೇರೆ ಡ್ರೈವರ್ ಬೇಕು ಅಂತ ಗೊತ್ತಾಗುವ ಹೊತ್ತಿಗೆ ರಾತ್ರಿ ಒಂದು ಗಂಟೆ. ಕೊನೆಗೆ ಒಂದು ಎಲ್‌ಇಡಿ ಮಿಣುಕಿತು. ಆಫೀಸಿನಲ್ಲಿ ಸಾವಿರಾರು ಜನ ಬಳಸುವ ಸಾಫ್ಟ್‌ವೇರ್ ಬರೆಯುವ ನನಗೆ, ಒಂದು ದೀಪ ಹತ್ತಿ ಆರಿದ್ದಕ್ಕೆ ಆದ ಖುಷಿ ಹೇಳತೀರದು.

ಈ ಕಾಪಿ ಕಳ್ಳಮಾಲು ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. ಆರ್ಡುಯಿನೋ ಬೋರ್ಡಿನ ನಕ್ಷೆಯನ್ನು ಮಾಡಿದವರೇ ಬಹಿರಂಗವಾಗಿ ಕೊಟ್ಟಿದ್ದಾರೆ. ಯಾರು ಬೇಕಾದರೂ ಮಾಡಬಹುದು, ಬದಲಾಯಿಸಬಹುದು, ಮಾರಬಹುದು. ಎರಡೇ ಷರತ್ತು: ನೀವು ಬದಲಾಯಿಸಿದ್ದನ್ನೂ ಹಾಗೇ ಬಿಚ್ಚಿ ಕೊಡಬೇಕು, ಮತ್ತು ಮೂಲ ಯಾರದು ಅಂತ ಹೇಳಬೇಕು. ಆದರೆ 'ಆರ್ಡುಯಿನೋ' ಅನ್ನೋ ಹೆಸರು ಮಾತ್ರ ಟ್ರೇಡ್‌ಮಾರ್ಕು. ವಸ್ತು ಪೂರ್ತಿ ಫ್ರೀ, ಹೆಸರು ಮುಟ್ಟಬೇಡಿ. ಆಗ ಇದರಲ್ಲಿ ನನಗೇನೂ ವಿಚಿತ್ರ ಕಾಣಲಿಲ್ಲ.

ಆಮೇಲೆ ನಮ್ಮದೊಂದು ಗುಂಪಾಯಿತು. ಬನಶಂಕರಿಯ ಒಂದು ಮನೆಯ ತಾರಸಿ, ಭಾನುವಾರ ಬೆಳಗ್ಗೆ, ಏಳೆಂಟು ಜನ. ಗುಂಪಿಗೆ ಹೆಸರಿಲ್ಲ, ಕೆಳಗಿನಿಂದ ಆಂಟಿ ಕಳಿಸುವ ಕಾಫಿಯೇ ಬಜೆಟ್ಟು. ಐಟಿಯವರು ನಾಲ್ವರು, ಒಬ್ಬರು ನಿವೃತ್ತ ಟೆಲಿಫೋನ್ ಇಂಜಿನಿಯರ್ (ಸಾಲ್ಡರಿಂಗ್ ಅನ್ನೋದು ಕಲೆ ಅಂತ ನಮಗೆ ತೋರಿಸಿಕೊಟ್ಟವರು), ಉಳಿದವರು ಕಾಲೇಜಿನ ಮಕ್ಕಳು. ತುಮಕೂರಿನಿಂದ ಬೆಳಗಿನ ರೈಲಿನಲ್ಲಿ ಒಬ್ಬಳು ಡಿಪ್ಲೊಮಾ ಹುಡುಗಿ ಬರುತ್ತಿದ್ದಳು. ನಮ್ಮ ಮೊದಲ ದೊಡ್ಡ ಕೆಲಸ ಲೈನ್ ಫಾಲೋವರ್ ರೋಬಾಟ್: ಬಿಳಿ ಹಾಳೆಯ ಮೇಲೆ ಅಂಟಿಸಿದ ಕಪ್ಪು ಟೇಪಿನ ಗೆರೆಯನ್ನು ಹಿಡಿದು ತಾನೇ ಹೋಗುವ ಪುಟ್ಟ ಗಾಡಿ. ಎರಡು ಹಳದಿ ಬಿಓ ಮೋಟರ್, ಮುಂದೆ ಕ್ಯಾಸ್ಟರ್ ಚಕ್ರ, ಕೆಳಗೆ ಐದು ಇನ್‌ಫ್ರಾರೆಡ್ ಸೆನ್ಸರ್. ಮೂರು ವಾರ ಅದು ಕುಡಿದವನ ಹಾಗೆ ಓಲಾಡುತ್ತಿತ್ತು. ತಿರುವು ಬಂದರೆ ಗೆರೆ ಬಿಟ್ಟು ತುಳಸಿ ಕುಂಡಕ್ಕೆ ಹೋಗಿ ಗುದ್ದೋದು. ಗೆರೆಯಿಂದ ಎಷ್ಟು ದೂರ ಸರಿದಿದ್ದೇವೆ, ಎಷ್ಟು ಬೇಗ ಸರಿಯುತ್ತಿದ್ದೇವೆ ಎರಡನ್ನೂ ಲೆಕ್ಕ ಹಾಕಿ ಮೋಟರಿನ ವೇಗ ತಿದ್ದುವ ಕೋಡನ್ನು ಆ ಹುಡುಗಿ ಬರೆದಳು. ರೈಲಿನಲ್ಲಿ ಕೂತು, ನೋಟ್‌ಬುಕ್ಕಿನಲ್ಲಿ. ಆ ಭಾನುವಾರ ಗಾಡಿ ಗೆರೆ ಬಿಡಲಿಲ್ಲ.

ಆ ಕೋಡನ್ನು ನಾನು ಅರ್ಥ ಮಾಡಿಕೊಳ್ಳಲು ಹೊರಟಾಗ ಅದರಲ್ಲಿ 'ಮ್ಯಾಪ್' ಅನ್ನೋ ಒಂದು ಫಂಕ್ಷನ್ ಸಿಕ್ಕಿತು. ಸೆನ್ಸರ್ ಕೊಡುವ 0ಯಿಂದ 1023ರವರೆಗಿನ ಅಂಕಿಯನ್ನು ಮೋಟರಿಗೆ ಬೇಕಾದ 0ಯಿಂದ 255ರ ಅಂಕಿಗೆ ಇಳಿಸಿಕೊಡುವ ಸಣ್ಣ ಗಣಿತ. ಅದು ಆರ್ಡುಯಿನೋ ಜೊತೆಗೇ ಬರುವ ಫಂಕ್ಷನ್. ಹೇಗೆ ಮಾಡಿದ್ದಾರೆ ನೋಡೋಣ ಅಂತ ಆ ಫೈಲ್ ತೆರೆದೆ. ನೆತ್ತಿಯ ಮೇಲೆ ಬರೆದಿತ್ತು: ಇದು ವೈರಿಂಗ್ ಪ್ರಾಜೆಕ್ಟಿನ ಭಾಗ, ಹಕ್ಕು 2004–06, ಹೆರ್ನಾಂಡೊ ಬರಗಾನ್.

ಯಾರಪ್ಪಾ ಈತ? ಆರ್ಡುಯಿನೋ ಮಾಡಿದವರು ಅಂತ ನಾನು ಓದಿದ್ದ ಐದು ಹೆಸರುಗಳಲ್ಲಿ ಇದು ಇರಲಿಲ್ಲ. ಪಕ್ಕದ ಫೈಲುಗಳನ್ನು ನೋಡಿದರೆ ಅವುಗಳ ಹೆಸರುಗಳೇ 'ವೈರಿಂಗ್', 'ವೈರಿಂಗ್ ಡಿಜಿಟಲ್', 'ವೈರಿಂಗ್ ಅನಲಾಗ್'. ಆರ್ಡುಯಿನೋ ಅಂಗಿ ಬಿಚ್ಚಿದರೆ ಒಳಗೆ ಪೂರ್ತಿ ಬೇರೆಯದೇ ಹೆಸರು.

ಕಥೆ ನಡೆದದ್ದು ಇಟಲಿಯ ವಾಯವ್ಯದ ಇವ್ರಿಯಾ ಅನ್ನೋ ಸಣ್ಣ ಊರಿನಲ್ಲಿ. ಒಲಿವೆಟ್ಟಿ ಟೈಪ್‌ರೈಟರ್ ಕಂಪನಿ 1908ರಲ್ಲಿ ಹುಟ್ಟಿದ್ದು ಅಲ್ಲೇ; ಊರು ಬೆಳೆದದ್ದೂ ಆ ಕಂಪನಿಯ ನೆರಳಿನಲ್ಲೇ. ಟೈಪ್‌ರೈಟರಿನ ಕಾಲ ಮುಗಿದ ಮೇಲೆ, 2001ರ ಹೊತ್ತಿಗೆ, ಅಲ್ಲೊಂದು ವಿನ್ಯಾಸ ಶಾಲೆ ಶುರುವಾಯಿತು: ಇಂಟರ್‌ಆ್ಯಕ್ಷನ್ ಡಿಸೈನ್ ಇನ್‌ಸ್ಟಿಟ್ಯೂಟ್. ಇಲ್ಲಿಗೆ ಬರುತ್ತಿದ್ದವರು ಇಂಜಿನಿಯರುಗಳಲ್ಲ, ಡಿಸೈನ್ ವಿದ್ಯಾರ್ಥಿಗಳು. ಮುಟ್ಟಿದರೆ ಬೆಳಗುವ ದೀಪ, ಕರೆದರೆ ತಿರುಗುವ ಗೊಂಬೆ, ಇಂಥವನ್ನು ಮಾಡಿ ನೋಡುವ ಆಸೆ ಅವರಿಗೆ. ಆದರೆ ಆಗ ಸಿಗುತ್ತಿದ್ದ ಮೈಕ್ರೋಕಂಟ್ರೋಲರ್ ಬೋರ್ಡುಗಳು ದುಬಾರಿ, ಬಳಸಲು ಕಷ್ಟ. ಅಲ್ಲಿ ಪಾಠ ಮಾಡುತ್ತಿದ್ದ ಮಾಸ್ಸಿಮೊ ಬಾಂಜಿಗೆ ಇದು ದಿನನಿತ್ಯದ ತಲೆನೋವು.

ಅದೇ ಶಾಲೆಯಲ್ಲಿ ಕೇಸಿ ರೀಸ್ ಕೂಡ ಪಾಠ ಮಾಡುತ್ತಿದ್ದರು. ಅವರು ಬೆನ್ ಫ್ರೈ ಜೊತೆ ಸೇರಿ 2001ರಲ್ಲಿ ಅಮೆರಿಕದ ಎಂಐಟಿಯಲ್ಲಿ 'ಪ್ರೊಸೆಸಿಂಗ್' ಅನ್ನೋದನ್ನು ಶುರು ಮಾಡಿದ್ದರು. ಕಲಾವಿದರು ಹೆದರದೆ ಕೋಡ್ ಬರೆಯಲಿ ಅಂತ ಮಾಡಿದ ಸರಳ ಭಾಷೆ, ಸರಳ ಕಿಟಕಿ. ಕೊಲಂಬಿಯಾದಿಂದ ಬಂದ ವಿದ್ಯಾರ್ಥಿ ಹೆರ್ನಾಂಡೊ ಬರಗಾನ್‌ಗೆ ಹೊಳೆದದ್ದು ಇಷ್ಟೇ: ಪರದೆಯ ಮೇಲೆ ಚಿತ್ರ ಬರೆಯುವುದನ್ನು ಪ್ರೊಸೆಸಿಂಗ್ ಸುಲಭ ಮಾಡಿದ ಹಾಗೆ, ತಂತಿ-ಮೋಟರುಗಳನ್ನೂ ಸುಲಭ ಮಾಡಿದರೆ? 2003ರಲ್ಲಿ ಇದನ್ನೇ ತನ್ನ ಸ್ನಾತಕೋತ್ತರ ಪ್ರಬಂಧದ ವಿಷಯ ಮಾಡಿಕೊಂಡ. ಮಾರ್ಗದರ್ಶಕರು ಬಾಂಜಿ ಮತ್ತು ರೀಸ್. ಯೋಜನೆಯ ಹೆಸರು ವೈರಿಂಗ್.

ಇದು ಎಂಥ ಕೆಲಸ ಅಂತ ಸ್ವಲ್ಪ ನಿಂತು ನೋಡಬೇಕು. ಮೈಕ್ರೋಕಂಟ್ರೋಲರಿನ ಒಂದು ಕಾಲಿಗೆ ಕರೆಂಟು ಹರಿಸಬೇಕಾದರೆ, ಆ ಚಿಪ್ಪಿನ ನೂರಾರು ಪುಟದ ಕೈಪಿಡಿ ತೆಗೆದು, ಯಾವ ರಿಜಿಸ್ಟರಿನ ಯಾವ ಬಿಟ್ಟನ್ನು ಒಂದು ಮಾಡಬೇಕು ಅಂತ ಹುಡುಕಬೇಕಿತ್ತು. ಬರಗಾನ್ ಅದರ ಮೇಲೆ ಒಂದು ಚಾದರ ಹೊದಿಸಿದ. 'ಡಿಜಿಟಲ್‌ರೈಟ್, 13, ಹೈ' ಅಂದರೆ ಸಾಕು, ಹದಿಮೂರನೇ ಪಿನ್ನಿಗೆ ಕರೆಂಟು ಹೋಗುತ್ತದೆ. 'ಪಿನ್‌ಮೋಡ್', 'ಅನಲಾಗ್‌ರೀಡ್', 'ಡಿಲೇ' — ಇವತ್ತು ಎಂಟನೇ ಕ್ಲಾಸಿನ ಮಕ್ಕಳು ಅಟಲ್ ಟಿಂಕರಿಂಗ್ ಲ್ಯಾಬಿನಲ್ಲಿ ಬರೆಯುವ ಈ ಶಬ್ದಗಳೆಲ್ಲ ಆ ಪ್ರಬಂಧದಿಂದ ಬಂದವು. ಅವನೂ ಎಲ್ಲವನ್ನೂ ಶೂನ್ಯದಿಂದ ಮಾಡಿದವನಲ್ಲ. ಪ್ರೊಸೆಸಿಂಗ್ ಇತ್ತು, ಚಿಪ್ಪಿಗೆ ಬೇಕಾದ ಮುಕ್ತ ಕಂಪೈಲರ್ ಇತ್ತು. ಅವುಗಳನ್ನು ಜೋಡಿಸಿ, ಬೋರ್ಡನ್ನೂ ಮಾಡಿ, 2004ರಲ್ಲಿ ಪ್ರಬಂಧ ಒಪ್ಪಿಸಿದ. ಎಲ್ಲವನ್ನೂ ಓಪನ್ ಸೋರ್ಸ್ ಮಾಡಿದ.

ಮುಂದಿನ ವರ್ಷ, 2005ರಲ್ಲಿ, ಬಾಂಜಿ ಅದೇ ವೈರಿಂಗ್ ಇಟ್ಟುಕೊಂಡು ಇನ್ನೊಂದು ಬೋರ್ಡ್ ಮಾಡಲು ಹೊರಟರು. ಕಾರಣ ಸರಿಯಾದದ್ದೇ. ವೈರಿಂಗ್ ಬೋರ್ಡಿನಲ್ಲಿದ್ದ ಚಿಪ್ ಎಟಿಮೆಗಾ128. ಅದರ ಬದಲು ಅಗ್ಗದ ಎಟಿಮೆಗಾ8 ಹಾಕಿದರೆ ಬೋರ್ಡಿನ ಬೆಲೆ ಇಳಿಯುತ್ತದೆ. ಸ್ಪೇನಿನ ಡೇವಿಡ್ ಕ್ವಾರ್ಟಿಯೆಲ್ಸ್ ಜೊತೆಯಾದರು. ವಿದ್ಯಾರ್ಥಿ ಡೇವಿಡ್ ಮೆಲಿಸ್ ವೈರಿಂಗ್ ಕೋಡನ್ನು ಹೊಸ ಚಿಪ್ಪಿಗೆ ಒಗ್ಗಿಸಿದರು. ಆಮೇಲೆ ಅಮೆರಿಕದ ಟಾಮ್ ಐಗೊ, ಬೋರ್ಡ್ ತಯಾರಿಸಿ ಕೊಡಲು ಜಾನ್‌ಲೂಕಾ ಮಾರ್ಟಿನೊ. ನಾನು ಓದಿದ್ದ ಐವರು ಇವರೇ. ಇತ್ತ ಶಾಲೆಯೇ ಇವ್ರಿಯಾದಿಂದ ಎತ್ತಂಗಡಿಯಾಗುವ ಸ್ಥಿತಿ. ಬಾಗಿಲು ಮುಚ್ಚಿದ ಮೇಲೆ ಯಾರೋ ಬೀಗ ಹಾಕಿಕೊಂಡು ಕೂರಬಾರದು ಅಂತಲೇ ಎಲ್ಲವನ್ನೂ ಬಹಿರಂಗ ಮಾಡಿದರು. ಹೆಸರು ಸಿಕ್ಕಿದ್ದು ಬಾಂಜಿ ಹೋಗುತ್ತಿದ್ದ ಊರಿನ ಒಂದು ಬಾರಿನಿಂದ. ಆ ಬಾರಿಗೆ ಹೆಸರು ಬಂದದ್ದು 1002ರಲ್ಲಿ ಇಟಲಿಯ ಸಿಂಹಾಸನ ಏರಿ, ಎರಡೇ ವರ್ಷದಲ್ಲಿ ಜರ್ಮನಿಯ ಎರಡನೇ ಹೆನ್ರಿಯ ಕೈಯಲ್ಲಿ ಸೋತ ಆರ್ಡುಯಿನೋ ಎಂಬ ಅಲ್ಲಿಯ ರಾಜನಿಂದ. ಸೋತ ರಾಜನ ಹೆಸರು ಸಾವಿರ ವರ್ಷದ ಮೇಲೆ ಎಸ್‌.ಪಿ. ರೋಡಿನ ಅಂಗಡಿಯ ಹುಡುಗನ ಬಾಯಲ್ಲಿ!

ಮೊದಲಿಗೆ ಮುನ್ನೂರು ಖಾಲಿ ಬೋರ್ಡ್ ಮಾಡಿಸಿ ವಿದ್ಯಾರ್ಥಿಗಳ ಕೈಗೆ ಕೊಟ್ಟರಂತೆ: ಬಿಡಿಭಾಗ ನೀವೇ ಜೋಡಿಸಿ, ಏನಾದರೂ ಮಾಡಿ. ಒಬ್ಬರು ಮಾಡಿದ್ದು ತಾರಸಿಯಿಂದ ತಂತಿಯಲ್ಲಿ ನೇತಾಡುವ ಅಲಾರಂ ಗಡಿಯಾರ. 'ಇನ್ನೈದು ನಿಮಿಷ' ಅಂತ ಗುಂಡಿ ಒತ್ತಿದಷ್ಟೂ ಅದು ಮೇಲೆ ಮೇಲೆ ಹೋಗುತ್ತದೆ, ಎದ್ದು ನಿಲ್ಲದೆ ಬೇರೆ ದಾರಿಯಿಲ್ಲ. ನಮ್ಮ ತಾರಸಿಯಲ್ಲೂ ಇದನ್ನೊಂದು ಮಾಡಬೇಕು ಅಂತ ಈಗಲೂ ಪಟ್ಟಿಯಲ್ಲಿದೆ.

ಆರ್ಡುಯಿನೋ ಗೆದ್ದಿತು. ವೈರಿಂಗ್ ಹೆಸರು ಹಿಂದೆ ಸರಿಯಿತು. ಬರಗಾನ್ ಕೊಲಂಬಿಯಾಕ್ಕೆ ಮರಳಿ ಪಾಠ ಮಾಡಿಕೊಂಡಿದ್ದರು. 2016ರಲ್ಲಿ ಅವರು 'ಆರ್ಡುಯಿನೋದ ಹೇಳದ ಇತಿಹಾಸ' ಅನ್ನುವ ಅರ್ಥದ ಶೀರ್ಷಿಕೆ ಕೊಟ್ಟು ಒಂದು ದೀರ್ಘ ಬರಹ ಪ್ರಕಟಿಸಿದರು. ದಿನಾಂಕ, ಚಿತ್ರ, ಹಳೆಯ ಫೈಲು ಎಲ್ಲ ಇಟ್ಟು ವಾದ ಮಂಡಿಸಿದರು. ನನ್ನ ಕೆಲಸವನ್ನು ತೆಗೆದುಕೊಂಡರು, ನನ್ನನ್ನು ಕರೆಯಲಿಲ್ಲ ಅನ್ನೋದು ಅದರ ಸಾರ. ಓದಿದರೆ ಸಿಟ್ಟಿಗಿಂತ ದಣಿವು ಹೆಚ್ಚು ಕಾಣುತ್ತದೆ.

ಕಾನೂನಿನ ಪ್ರಕಾರ ಇಲ್ಲಿ ತಪ್ಪೇನೂ ಇಲ್ಲ ಅನ್ನಬಹುದು. ಓಪನ್ ಸೋರ್ಸ್ ಅಂದಮೇಲೆ ತೆಗೆದುಕೊಂಡು ಹೋಗೋದೇ ನಿಯಮ. ವೈರಿಂಗ್ ತಮ್ಮ ಕೆಲಸದ ತಳಹದಿ ಅಂತ ಆರ್ಡುಯಿನೋದವರು ಮುಚ್ಚಿಟ್ಟೂ ಇಲ್ಲ. ಹಕ್ಕಿನ ಸಾಲು ಫೈಲಿನಲ್ಲಿ ಹಾಗೇ ಇದೆ, ನಾನು ಕಂಡದ್ದೇ ಅದು. ಬೋರ್ಡ್ ಅಗ್ಗ ಆಗದಿದ್ದರೆ ನಾನೂ ಕೊಳ್ಳುತ್ತಿರಲಿಲ್ಲ. ಆದರೆ ಫೈಲಿನ ನೆತ್ತಿಯನ್ನು ಯಾರು ಓದುತ್ತಾರೆ? ಜನ ಓದೋದು ಪೆಟ್ಟಿಗೆಯ ಮೇಲಿನ ಹೆಸರು. ಅದರ ಬೆಲೆ ಏನು ಅಂತ ಆ ಐವರಿಗೂ ಬೇಗ ಗೊತ್ತಾಯಿತು. ಮಾರ್ಟಿನೊ 2008ರಲ್ಲೇ ಇಟಲಿಯಲ್ಲಿ 'ಆರ್ಡುಯಿನೋ' ಹೆಸರನ್ನು ನೋಂದಾಯಿಸಿಬಿಟ್ಟಿದ್ದರು. ಮನಸ್ತಾಪ ಬೆಳೆದು, 2015ರಲ್ಲಿ ಉಳಿದ ನಾಲ್ವರ ಗುಂಪು ಅಮೆರಿಕದ ಹೊರಗೆ ತಮ್ಮದೇ ಬೋರ್ಡನ್ನು 'ಜೆನ್ಯುಯಿನೋ' ಅನ್ನೋ ಹೆಸರಿನಲ್ಲಿ ಮಾರಬೇಕಾಯಿತು. 2016ರ ಅಕ್ಟೋಬರಿನಲ್ಲಿ ರಾಜಿಯಾಯಿತು. ನಕ್ಷೆಗಾಗಿ ಯಾರೂ ಜಗಳ ಆಡಲಿಲ್ಲ.

ಇದನ್ನೆಲ್ಲ ಒಂದು ಭಾನುವಾರ ನಾನು ತಾರಸಿಯಲ್ಲಿ ರಸವತ್ತಾಗಿ ಹೇಳಿದೆ. ತುಮಕೂರಿನ ಹುಡುಗಿಯೂ ಇದ್ದಳು. "ಪಾಪ ಅಲ್ವಾ ಅಣ್ಣ" ಅಂದಳು. ಕೆಲವು ತಿಂಗಳಲ್ಲಿ ಅವಳಿಗೆ ಹೊಸೂರು ಕಡೆ ಕೆಲಸ ಸಿಕ್ಕಿ, ಬರುವುದು ನಿಂತಿತು. ಅಷ್ಟರಲ್ಲಿ ಒಂದು ಶಾಲೆಯವರು ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಗಾಡಿಯನ್ನು ಕೇಳಿದರು. ಪೋಸ್ಟರ್ ಮಾಡುವ ಕೆಲಸ ನನ್ನದು. ಶನಿವಾರ ರಾತ್ರಿ ಹನ್ನೊಂದಕ್ಕೆ ಕೂತು, ಅವತ್ತಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರ್‍ಯಾರಿದ್ದರೋ ಅವರ ಹೆಸರು ಟೈಪ್ ಮಾಡಿ ಪ್ರಿಂಟಿಗೆ ಕಳಿಸಿದೆ. ಅವಳು ಗುಂಪಿನಿಂದ ಹೊರಗೆ ಹೋಗಿದ್ದಳು.

ಪ್ರದರ್ಶನದ ದಿನ ಅವಳು ತಂದೆಯನ್ನು ಕರೆದುಕೊಂಡು ಬಂದಳು. ಯಾರೋ ಹೇಳಿದ್ದರಂತೆ. ಅವರು ಬಿಳಿ ಪಂಚೆ ಉಟ್ಟು, ಗಾಡಿ ಗೆರೆ ಹಿಡಿದು ತಿರುಗುವುದನ್ನು ಎರಡು ಸುತ್ತು ನೋಡಿದರು. ಆಮೇಲೆ ಪೋಸ್ಟರಿನ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು, ಕೆಳಗಿನ ಹೆಸರುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದರು. ಕೊನೆ ಮುಟ್ಟಿ, ಮತ್ತೆ ಮೇಲಿನಿಂದ ಶುರು ಮಾಡಿದರು.

"ಇದ್ರಲ್ಲಿ ನಿಂದು ಎಲ್ಲೈತಮ್ಮ?"

ಅವಳು ನನ್ನ ಕಡೆ ನೋಡಲಿಲ್ಲ. "ಅದು ಕೋಡ್ ಒಳಗಿರುತ್ತಪ್ಪ, ಹೊರಗೆ ಹಾಕಲ್ಲ" ಅಂದಳು.

ಕೋಡ್ ಒಳಗೂ ಇರಲಿಲ್ಲ. ಅವಳು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಟೈಪ್ ಮಾಡಿ ಗಿಟ್‌ಹಬ್‌ಗೆ ಹಾಕಿದ್ದು ನಾನು. ಅಲ್ಲಿದ್ದದ್ದು ನನ್ನ ಹೆಸರು. ರಾತ್ರಿ ಮನೆಗೆ ಬಂದವನೇ ಫೈಲಿನ ಮೊದಲ ಸಾಲು ತಿದ್ದಿ ಅವಳಿಗೆ ಲಿಂಕ್ ಕಳಿಸಿದೆ, ಕ್ಷಮೆಯನ್ನೂ ಕೇಳಿದೆ. "ಪರ್ವಾಗಿಲ್ಲ ಅಣ್ಣ" ಅಂತ ಉತ್ತರ ಬಂತು. ಪೋಸ್ಟರನ್ನೂ ಹೊಸದಾಗಿ ಪ್ರಿಂಟ್ ಹಾಕಿಸಿ ಶಾಲೆಗೆ ಕೊಟ್ಟು ಬಂದೆ. ಹೋದ ತಿಂಗಳು ಆ ಕಡೆ ಹೋದಾಗ ನೋಡಿದೆ, ಲ್ಯಾಬಿನ ಗೋಡೆಯ ಮೇಲೆ ಇರೋದು ಹಳೆಯದೇ. ಚೆನ್ನಾಗಿ ಲ್ಯಾಮಿನೇಟ್ ಮಾಡಿಸಿದ್ದಾರೆ.